ಬೊಂಬಾಯಿಯ ಒದ್ದೆ ಮೆಟ್ಟಿಲು

ನಾನು ಬೊಂಬಾಯಿ ನೋಡಿದವನೆಂದು ನಮ್ಮ ಸೀಮೆಯಲ್ಲೆಲ್ಲ ಹೆಸರಾಗಿದೆ. ಚಳ್ಳಕೆರೆಯ ಸಂತೆಯಲ್ಲಿ ನನ್ನ ಗುರುತು ಹೇಳಬೇಕಾದರೆ ಯಾರೂ ನನ್ನ ಅಪ್ಪನನ್ನು ನೆನೆಯುವುದಿಲ್ಲ, ‘ಹಡಗಲ್ಲಿ ಬೊಂಬಾಯಿಗೆ ಹೋಗಿ ಬಂದೋನು’ ಅನ್ನುತ್ತಾರೆ. ಹೋಗಿದ್ದು ನಿಜ, ಬಂದಿದ್ದೂ ನಿಜ. ನಡುವೆ ಏನಾಯಿತೆಂದು ಈಗ ಬರೆದಿಡುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೆ ಕಾರಣ ನಾನೇ.

ನಮ್ಮ ಹಟ್ಟಿ ಇದ್ದದ್ದು ಮೊಳಕಾಲ್ಮೂರಿಗೆ ಹೋಗುವ ಗಾಡಿದಾರಿಯಿಂದ ಒಂದು ಹರದಾರಿ ಒಳಗೆ. ಹಟ್ಟಿಗೆ ದೇವರ ಎತ್ತುಗಳ ಒಂದು ಹಿಂಡಿತ್ತು. ಅವುಗಳ ಹೆಗಲಿಗೆ ಯಾರೂ ನೊಗ ಇಡುವಂತಿಲ್ಲ, ಮಾರುವಂತಿಲ್ಲ; ಮೇಯಿಸಬೇಕು, ಕೈಮುಗಿಯಬೇಕು, ಅಷ್ಟೇ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ನನ್ನ ಅಪ್ಪ ಕಿಲಾರಿಯಾಗಿದ್ದ, ಅವನ ಅಪ್ಪನೂ ಆಗಿದ್ದ. ಮುಂದಿನ ಯುಗಾದಿಗೆ ಕಿಲಾರಿಯ ಕೋಲು ನನ್ನ ಕೈಗೆ ಬರುವುದೆಂದು ಹಟ್ಟಿಯವರು ಮಾತಾಡಿಕೊಂಡಿದ್ದರು. ಕಿಲಾರಿಗೆ ಕಟ್ಟುಪಾಡು ಬಹಳ. ಕಾಲಿಗೆ ಮೆಟ್ಟು ಹಾಕುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಕೋಳಿಯದು. ನಮ್ಮವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ. ಹಟ್ಟಿಯೊಳಗೆ ಕೋಳಿಯ ಪುಕ್ಕ ಬಿದ್ದರೂ ಆ ಜಾಗಕ್ಕೆ ನೀರು ಚಿಮುಕಿಸುತ್ತಾರೆ.

ನನಗೆ ಆ ಕೋಲು ಬೇಕಿತ್ತು. ಬೇರೆ ಯಾವುದರಲ್ಲೂ ನಾನು ಗಟ್ಟಿಗನಲ್ಲ, ಆದರೆ ನಾನು ಕೂಗಿದರೆ ಹಿಂಡು ತಲೆಯೆತ್ತುತ್ತಿತ್ತು. ಹುಟ್ಟಾ ಬಡಾಯಿಕೋರನಾದ ನಾನು ದನಗಳ ಮುಂದೆ ಮಾತ್ರ ಬಡಾಯಿ ಕೊಚ್ಚಿದವನಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಹೊನ್ನಾವರದ ಒಬ್ಬ ಸಾಹುಕಾರರ ಕಡೆಯವರು ಚಳ್ಳಕೆರೆಗೆ ಹಸು ಕೊಳ್ಳಲು ಬಂದರು. ಸಾಹುಕಾರರಿಗೆ ಎದೆಯ ಕಾಯಿಲೆ. ನಾಲ್ಕು ತಿಂಗಳು ಕಡಲ ಗಾಳಿಯಲ್ಲೇ ಇರಿ, ಕರೆದ ಬಿಸಿಹಾಲು ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರಂತೆ. ಅವರದೇ ಸ್ವಂತ ಹಾಯಿಹಡಗು ಇತ್ತು. ಬೊಂಬಾಯಿ ಮುಟ್ಟಿ, ದ್ವಾರಕೆಯವರೆಗೆ ಹೋಗಿ, ಮಳೆಗಾಲಕ್ಕೆ ಮುಂಚೆ ಮರಳುವ ಯೋಚನೆ. ದೇವರ ಹಿಂಡಿಗೆ ಸೇರದ, ನಮ್ಮ ಮನೆಯ ಎರಡು ಕೆಂದ ಹಸುಗಳನ್ನು ಕೊಂಡರು. ಆ ಹಸುಗಳು ಹೊಸಬರಿಗೆ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ, ಹಾಗಾಗಿ ಜೊತೆಗೆ ನನ್ನನ್ನೂ ಕರೆದರು.

ಅಪ್ಪನಿಗೆ ಇಷ್ಟವಿರಲಿಲ್ಲ. ನಾನು ಹಿಡಿದ ಹಟ ಬಿಡಲಿಲ್ಲ.

“ಹೋಗ್ತೀಯಾ, ಹೋಗು. ಯುಗಾದಿ ತಪ್ಪಿದ್ರೂ ಕೋಲು ಕಾಯ್ತೈತೆ. ಕೋಳಿ ಒಂದು ಬಿಟ್ಟು ಏನಾರ ನೋಡ್ಕಂಡು ಬಾ” ಅಂದ.

ಘಟ್ಟ ಇಳಿದು ಹೊನ್ನಾವರ ಸೇರಲು ಇಪ್ಪತ್ತು ದಿನ ಹಿಡಿಯಿತು. ಬೇಸಿಗೆಯಲ್ಲಿ ಬತ್ತಿಹೋಗುವ ಕೆರೆಯಷ್ಟೇ ನೋಡಿದ್ದ ನಾನು ಕಡಲು ಕಂಡು ಅರ್ಧ ದಿನ ಮಾತಾಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ದೊಡ್ಡ ವಿಷಯ. ಸಾಹುಕಾರರು ಸಾಧು ಮನುಷ್ಯ. ಸಸ್ಯಾಹಾರಿಗಳಾದ್ದರಿಂದ ಹಡಗಿನಲ್ಲಿ ಕೋಳಿಯ ಕಾಟವಿರಲಿಲ್ಲ. ಹಲಗೆಯ ಮೇಲೆ ಹಸುಗಳ ಗೊರಸುಗಳು ಜಾರುತ್ತಿದ್ದವು. ಮರಳು ಹರಡಿ, ಅದರ ಮೇಲೆ ಜೋಳದ ಸಪ್ಪೆ ಹಾಸಿದೆ. ಮೊದಲ ಮೂರು ದಿನ ಅವೂ ಮೇಯಲಿಲ್ಲ, ನನಗೂ ಮುದ್ದೆ ಇಳಿಯಲಿಲ್ಲ. ಆಮೇಲೆ ಅವು ಉಪ್ಪು ಹತ್ತಿದ ಹಲಗೆಗಳನ್ನು ನೆಕ್ಕುತ್ತಾ ಹಾಯಾಗಿದ್ದವು. ದಿನಾ ಬೆಳಿಗ್ಗೆ ಹಾಲು ಕರೆದು ಸಾಹುಕಾರರಿಗೆ ಕೊಡುತ್ತಿದ್ದೆ. ಕಾರವಾರ, ಗೋವೆ, ರತ್ನಾಗಿರಿ ಎಂದು ದಡದ ಪಕ್ಕದಲ್ಲೇ ಹಡಗು ಸಾಗಿತು.

ಬೊಂಬಾಯಿಯಲ್ಲಿ ನಾಲ್ಕು ದಿನ ಲಂಗರು ಹಾಕಿದೆವು. ದೂರದಲ್ಲಿ ಹೊಗೆ ಕೊಳವೆಗಳು, ಒಂದು ದೊಡ್ಡ ಗಡಿಯಾರದ ಗೋಪುರ, ಲೆಕ್ಕವಿಲ್ಲದಷ್ಟು ಹಡಗು. ಒಬ್ಬೊಬ್ಬರೇ ದೋಣಿ ಹತ್ತಿ ಊರಿಗೆ ಹೋಗಿಬಂದರು. ಹಡಗಿನ ಅಡುಗೆಯವನು ಮೊದಲ ದಿನವೇ ಹೋಗಿ ಬಂದು ಹೇಳಿದ್ದೇ ಹೇಳಿದ್ದು: ಎತ್ತು ಕುದುರೆ ಇಲ್ಲದೆ ಓಡುವ ಗಾಡಿ, ಗಾಜಿನ ಅಂಗಡಿಗಳು, ಮೇಜಿನ ಮುಂದೆ ಕುರ್ಚಿ ಹಾಕಿ ಕೂರಿಸಿ ಪಿಂಗಾಣಿ ತಟ್ಟೆಯಲ್ಲಿ ಕೋಳಿ ಬಡಿಸುವ ಹೋಟೆಲು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಕೊನೆಯ ದಿನ ಸಾಹುಕಾರರು ನನಗೂ ರಜೆ ಕೊಟ್ಟರು. ಒಗೆದ ಪಂಚೆ ಉಟ್ಟು, ಹೊಸ ರುಮಾಲು ಸುತ್ತಿ, ಅಡುಗೆಯವನ ಜೊತೆ ದೋಣಿಯಲ್ಲಿ ಕೂತೆ. ದಡ ಹತ್ತಿರ ಬಂತು. ಕಲ್ಲಿನ ಮೆಟ್ಟಿಲುಗಳು, ಪಾಚಿ ಹಿಡಿದು ಒದ್ದೆಯಾಗಿದ್ದವು. ನಾನು ಒಂದು ಕಾಲು ಮೊದಲ ಮೆಟ್ಟಿಲ ಮೇಲೆ ಇಟ್ಟೆ, ತಲೆಯೆತ್ತಿದೆ.

ಮೆಟ್ಟಿಲ ತುಂಬಾ ಕೋಳಿ ಬುಟ್ಟಿಗಳು.

ಯಾವುದೋ ದೋಣಿಯಿಂದ ಇಳಿಸುತ್ತಿದ್ದರು. ಎರಡೂ ಕಡೆ ಬುಟ್ಟಿಯ ಮೇಲೆ ಬುಟ್ಟಿ, ಸಂದಿಯಿಂದ ಕತ್ತು ಚಾಚಿದ ಕೋಳಿಗಳು, ಗಾಳಿಯಲ್ಲಿ ಪುಕ್ಕ. ನಡುವೆ ಒಬ್ಬರು ಮೈ ಉಜ್ಜಿಕೊಂಡು ಹೋಗುವಷ್ಟು ಜಾಗ. ಅಡುಗೆಯವನು ಹತ್ತಿಯೇಬಿಟ್ಟ. ನಾನು ನಿಂತೇ ಇದ್ದೆ.

“ಬಾ ಮಾರಾಯ! ಕೋಳಿ ನಿನ್ನನ್ನು ತಿನ್ತದಾ?” ಎಂದು ಮೇಲಿಂದ ಕೂಗಿದ.

ದೋಣಿಯವನನ್ನು ಬೇರೆ ಕಡೆ ಇಳಿಸೆಂದು ಕೈಸನ್ನೆಯಲ್ಲಿ ಬೇಡಿದೆ, ಅವನು ಆಗದೆಂದು ತಲೆಯಾಡಿಸಿದ. ಬುಟ್ಟಿಗಳು ಮುಗಿಯಲಿ ಎಂದು ಕಾದೆ, ಮುಗಿಯಲಿಲ್ಲ. ಅಪ್ಪನ ಮುಖ ನೆನಪಾಯಿತು. ಕಾಲು ಹಿಂದಕ್ಕೆ ತೆಗೆದು ದೋಣಿಯಲ್ಲಿ ಕೂತೆ. ಅಷ್ಟೇ ನನ್ನ ಬೊಂಬಾಯಿ.

ದ್ವಾರಕೆಗೆ ಹೋಗಿ ಮರಳುವವರೆಗೂ ಹಡಗಿನವರು ನನ್ನನ್ನು ಬಿಡಲಿಲ್ಲ. ಹಾಲಿನ ತಂಬಿಗೆ ಹಿಡಿದು ಹೋದರೆ ಹಿಂದಿನಿಂದ ‘ಕೊಕ್ಕೊಕ್ಕೋ’ ಎನ್ನುವರು. ಅಷ್ಟು ದೂರ ಬಂದು ಕೋಳಿಗೆ ಹೆದರಿ ಓಡಿದ ಗಂಡಸು ಎಂದು ನಗುವರು. ಕೇಳಿ ಕೇಳಿ ನನಗೂ ಅದು ನಾಚಿಕೆಗೇಡಿನ ಕೆಲಸವೆಂದೇ ಅನ್ನಿಸಿಬಿಟ್ಟಿತು. ಇದನ್ನು ಊರಲ್ಲಿ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ಹಸುಗಳನ್ನು ಹೊನ್ನಾವರದಲ್ಲೇ ಬಿಟ್ಟು ಒಬ್ಬನೇ ನಡೆದು ಬಂದೆ.

ಬಂದ ಮರುದಿನ ಮಧ್ಯಾಹ್ನ ಹಟ್ಟಿಯ ಬೇವಿನ ಮರದಡಿ ಜನ ಸೇರಿದರು. ಅಡುಗೆಯವನು ಹೇಳಿದ್ದನ್ನೆಲ್ಲ ನಾನೇ ಕಂಡಂತೆ ಬಿಟ್ಟೆ. ಗಾಡಿ ಹತ್ತಿದೆ, ಗಾಜಿನ ಅಂಗಡಿ ಹೊಕ್ಕೆ, ಮೇಜಿನ ಮುಂದೆ ಕುರ್ಚಿಯಲ್ಲಿ ಕೂತೆ. ಎಲ್ಲರೂ ಕಣ್ಣರಳಿಸಿ ಕೇಳುತ್ತಿದ್ದರೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗ ನನ್ನ ಚಿಕ್ಕಪ್ಪನ ಮಗ, ನನ್ನ ಓರಗೆಯವನು, ಕುಚೋದ್ಯಕ್ಕೆ ಕೇಳಿದ:

“ಲೇ, ಆ ಮೇಜಿನ ಮ್ಯಾಲೆ ಏನ್ ಇಕ್ಕಿದ್ರೋ? ಮುದ್ದೇನಾ?”

ಎಲ್ಲ ನಕ್ಕರು. ಆ ನಗು ನನ್ನ ಕಿವಿಗೆ ಹಡಗಿನ ನಗುವಿನಂತೆಯೇ ಕೇಳಿತು. ರೇಗಿಹೋಯಿತು.

“ಮುದ್ದೆ ಅಂತೆ! ಕೋಳಿ ಕಣೋ, ಪಿಂಗಾಣಿ ತಟ್ಟೇಲಿ ಇಡೀ ಕೋಳಿ!” ಅಂದುಬಿಟ್ಟೆ.

ಒಂದು ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದು ಹೋದಳು.

ಹಟ್ಟಿಯ ಯಜಮಾನರು ಅಂದೇ ಅಪ್ಪನನ್ನೂ ನನ್ನನ್ನೂ ಕರೆಸಿದರು. “ಏನಲೇ, ನಿಜಾನಾ?” ಎಂದರು. ನಾನು ಅಳುತ್ತಾ ಎಲ್ಲ ಹೇಳಿದೆ: ಇಲ್ಲ ಯಜಮಾನ್ರೇ, ಊರೊಳಗೇ ಹೋಗಿಲ್ಲ, ಕೋಳಿ ಬುಟ್ಟಿ ನೋಡಿ ವಾಪಸ್ ಬಂದೆ. ಕಟ್ಟಿದ ಕತೆ ಎಂದು ಕೆಲವರು ಗೊಣಗಿದರು. ಮಧ್ಯಾಹ್ನದ ನನ್ನ ಕತೆಗಿಂತ ಇದು ಬಹಳ ಸಪ್ಪೆಯಾಗಿತ್ತು, ನಂಬುವುದಾದರೂ ಹೇಗೆ?

ಯಜಮಾನರು ಮುದುಕರು, ಕೆಟ್ಟವರಲ್ಲ. ಕೊನೆಗೆ ಅಂದರು: “ತಿಂದಿದ್ರೆ ಕೈ ಕೆಟ್ಟೈತೆ. ತಿಂದಿಲ್ದಿದ್ರೆ ಬಾಯಿ ಕೆಟ್ಟೈತೆ. ಎಲ್ಡರಾಗೆ ಯಾವ್ದಾದ್ರೂ ಕೋಲು ಕೊಡಾಕಾಗಲ್ಲ ಕಣಪ್ಪಾ.”

ಕೋಲು ಚಿಕ್ಕಪ್ಪನ ಮಗನಿಗೆ ಹೋಯಿತು. ಅವನು ತಮಾಷೆಗೆ ಕೇಳಿದ್ದ, ಪಾಪ, ಕೋಲಿನ ಆಸೆಗಲ್ಲ. ಒಳ್ಳೆಯ ಕಿಲಾರಿಯೇ ಆದ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಚಳ್ಳಕೆರೆಗೆ ಬಂದು ಕಂಬಳಿ ಮಂಡಿಯಲ್ಲಿ ಮೂಟೆ ಕಟ್ಟುವ ಕೆಲಸಕ್ಕೆ ಸೇರಿದೆ. ಅಕ್ಷರ ಕಲಿತದ್ದೂ ಅಲ್ಲೇ. ಬೇಸಿಗೆಯಲ್ಲಿ ಮೇವು ಅರಸಿ ಹಿಂಡು ಊರ ಹೊರಗೆ ಹಾದುಹೋಗುವಾಗ ಮಂಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೂಗಿದರೆ ಈಗಲೂ ತಲೆಯೆತ್ತುತ್ತವೆಯೇ ಎಂದು ತಿಳಿಯುವ ಆಸೆಯಾಗುತ್ತಿತ್ತು. ಒಮ್ಮೆಯೂ ಕೂಗಲಿಲ್ಲ.

ಹನ್ನೆರಡು ವರ್ಷದ ಮೇಲೆ ಅಪ್ಪ ಹಾಸಿಗೆ ಹಿಡಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವ್ವ ಗಂಜಿ ಕುಡಿಸಿ ಹೊರಗೆ ಹೋದಳು. ಬಾಗಿಲಿಂದ ಬಿಸಿಲು ಅವನ ಕಾಲ ಮೇಲೆ ಬಿದ್ದಿತ್ತು. ಒಂದು ದಿನವೂ ಮೆಟ್ಟು ಕಾಣದ ಕಾಲು.

“ಆ ಊರು ಹೆಂಗಿತ್ತೋ?” ಎಂದು ಕೇಳಿದ. ಅಷ್ಟು ವರ್ಷದಲ್ಲಿ ಮೊದಲ ಸಲ.

ನಾನು ಇದ್ದದ್ದು ಇದ್ದಂತೆ ಹೇಳಿದೆ. ಒದ್ದೆ ಮೆಟ್ಟಿಲು, ಬುಟ್ಟಿಗಳು, ಕತ್ತು ಚಾಚಿದ ಕೋಳಿಗಳು, ನಾನು ಹಿಂದಕ್ಕೆ ತೆಗೆದ ಕಾಲು, ಹಡಗಿನವರ ಕೊಕ್ಕೊಕ್ಕೋ. ಕೊಕ್ಕೊಕ್ಕೋ ಅಂದಾಗ ಅವನಿಗೆ ನಗು ಬಂತು. ಕೆಮ್ಮು ಬರುವಷ್ಟು ನಕ್ಕ. ಆಮೇಲೆ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಅಂದ:

“ಅಲ್ಲಲೇ, ಇದನ್ನೇ ಆವತ್ತು ಬೇವಿನ ಮರದ ಕೆಳಗೆ ಹೇಳ್ಬಾರ್ದಿತ್ತಾ? ಬೊಂಬಾಯಿ ಬಾಗಿಲಿಗೋಗಿ ಕೋಳಿ ಐತೆ ಅಂತ ವಾಪಸ್ ಬಂದ ಅಂದಿದ್ರೆ, ಹಟ್ಟಿಯೋರು ನಿನ್ನ ಹೆಗಲ ಮ್ಯಾಲೆ ಹೊತ್ಕಂಡು ಕುಣಿಯೋರು.”

ಅವನು ನಾಲ್ಕು ದಿನಕ್ಕೆ ತೀರಿಕೊಂಡ. ಮಣ್ಣು ಮಾಡಿ ಬರುವಾಗ ದಾರಿಯಲ್ಲಿ ಯಾರದೋ ಮನೆಯ ಹುಡುಗರು ನನ್ನ ಹಿಂದೆ ಬಂದು, ಬೊಂಬಾಯಿ ಕತೆ ಹೇಳಣ್ಣಾ ಎಂದು ಪಂಚೆ ಜಗ್ಗಿದರು. ನಾನು ಬೊಂಬಾಯಿ ನೋಡಿಲ್ಲ ಕಣ್ರೋ ಎಂದೆ. ಅವರು ನಂಬಲಿಲ್ಲ.