ಜಂಬಮ್ಮನ ಕೈ ತಪ್ಪುತ್ತಿದ್ದ ಸಾಲು

ನಮ್ಮ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಜಂಬಮ್ಮನ ಅಡುಗೆಮನೆ. ತೆಲಿಗಿಯ ಬಸ್ಸು ಬರುವುದರೊಳಗೆ ಆಕೆ ನೂರು ಜೋಳದ ರೊಟ್ಟಿ ಬಡಿದು ಹರಪನಹಳ್ಳಿಯ ಖಾನಾವಳಿಗೆ ಕಳಿಸುತ್ತಿದ್ದಳು. ಬಡಿಯುವಾಗ ಬಾಯಲ್ಲಿ ನಮ್ಮೂರ ಕೋಟೆ ಕಾಳಗದ ಪದ್ಯಗಳು, ಅವುಗಳ ತಾಳಕ್ಕೇ ಕೈ. ಓದು ಬಾರದು, ಕೇಳಿ ಕಲಿತದ್ದು. ಅದೂ ಬಾಗಿಲ ಹೊರಗೆ ನಿಂತು.

ಪ್ರತಿವರ್ಷ ಯುಗಾದಿಯ ಮರುದಿನ ಗೌಡರಾದ ಕರಿಸಿದ್ದಪ್ಪನವರ ಚಾವಡಿಯಲ್ಲಿ ಆ ಕಾವ್ಯವನ್ನು ಓದುತ್ತಾರೆ. ಶತ್ರುಗಳಿಗೆ ಕೋಟೆಯ ಬಾಗಿಲು ತೆರೆದವನು ಮೈಲಣ್ಣ ಎಂದು ಅದರಲ್ಲಿದೆ. ಆ ಸಾಲು ಬಂದೊಡನೆ ಅವನ ವಂಶದವರೊಬ್ಬರು ಚಾವಡಿಯ ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿ, ಓದು ಮುಗಿಯುವ ತನಕ ಅಲ್ಲೇ ನಿಲ್ಲಬೇಕು. ಆ ವಂಶದವನಾದ ಗಂಡ ಸತ್ತ ಮೇಲೆ ಇಪ್ಪತ್ತೆಂಟು ವರ್ಷ ಜಂಬಮ್ಮನೇ ನಿಂತಳು.

"ಬಾಗ್ಲ ಜಂಬಿ, ಚಿಲಕ ಹಾಕಿದ್ಯೋ ಇಲ್ಲೋ?" ಎಂದು ಒಳಗಿನಿಂದ ಹುಡುಗರು ಕೂಗುವರು. ದೊಡ್ಡವರು ನಗುವರು. ನಾನೂ ಒಳಗೇ ಕುಳಿತಿರುತ್ತಿದ್ದೆ.

ಹೋದ ವರ್ಷ ಅವಳ ಮೊಣಕಾಲು ಸೋತವು. ಮುಂದಿನ ಸರದಿ ಮೊಮ್ಮಗಳು ರೇಣುಕಾಳದು. ಪಿಯುಸಿ ಓದುವ ಹುಡುಗಿ.

"ಮೇಷ್ಟ್ರ, ಆ ಸಾಲಿಗೆ ಬಂದ್ರ ನನ್ನ ಕೈ ತಪ್ಪತೈತ್ರಿ," ಎಂದಳು ಜಂಬಮ್ಮ. "ಅಷ್ಟುದ್ದ ಪದದಾಗ ಅಲ್ಲೊಂದ ಕಡಿ. ರೊಟ್ಟಿ ಹರೀತೈತಿ. ಆ ಹೆಸರು ಅಲ್ಲಿದ್ದದ್ದಲ್ಲ ಅನಸತೈತಿ. ನೀವು ಓದಿದೋರು, ನೋಡ್ರಿ. ಆ ಕೂಸು ಬಾಗ್ಲಾಗ ನಿಲ್ಲೋದು ಬ್ಯಾಡ."

ಆ ಪದ್ಯವನ್ನು ಬರೆದು ನೋಡಿದೆ. ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಗಿಡ್ಡ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡೆ. 'ಮೈಲಣ್ಣ ತೆರೆದನು ಕೋಟೆ ಬಾಗಿಲ'. ಮೊದಲಲ್ಲಿ ಮೂರು ಮಾತ್ರೆ ಇರಬೇಕು, ಇರುವುದು ಐದು. ಉಳಿದ ಐದು ಸಾಲುಗಳಲ್ಲೂ ಎರಡನೆಯ ಅಕ್ಷರ ರಕಾರ. ಇಲ್ಲಿ ಮಾತ್ರ ಲಕಾರ. ಪ್ರಾಸವೂ ಕೆಟ್ಟಿತ್ತು. ಜಂಬಮ್ಮನ ಕೈ ಸುಳ್ಳು ಹೇಳಿರಲಿಲ್ಲ. ಕಾವ್ಯದಲ್ಲಿ ಬರುವ ಹೆಸರುಗಳಲ್ಲಿ ಆ ಜಾಗಕ್ಕೆ ಸರಿಯಾಗಿ ಕೂರುವುದು ಒಂದೇ: ಕರಿಯ. ಅವನು ಗೌಡರ ಮನೆತನದ ಮೂಲಪುರುಷ.

ಚಾವಡಿಗೆ ಹೋಗಿ, ಕರಿಯನ ಹೆಸರೆತ್ತದೆ, ಮೈಲಣ್ಣನ ಹೆಸರು ಆಮೇಲೆ ತುರುಕಿದ್ದು ಎಂದಷ್ಟೇ ಹೇಳಿದೆ. ಗೌಡರ ಮಗ ಗವಿಸಿದ್ದೇಶ್ ನನ್ನ ಶಿಷ್ಯ, ಛಂದಸ್ಸಿನಲ್ಲಿ ಬಲು ಚುರುಕು. ಬೆರಳು ಮಡಿಸಿ ಎಣಿಸಿದ. ಅಪ್ಪನ ಮುಖ ನೋಡಿದ.

"ಮೇಷ್ಟ್ರು ಹೇಳೋದು ಖರೇ ಐತಪ್ಪ. ಸಾಲು ಕುಂಟತೈತಿ."

"ಹಂಗಾರ ಸರಿಮಾಡಿಬಿಡು," ಎಂದರು ಗೌಡರು. "ತಪ್ಪು ಇಟ್ಕಂಡು ಓದಬಾರ್ದು."

ಸುದ್ದಿ ತಿಳಿಸಿದಾಗ ಜಂಬಮ್ಮ ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟು ತಂದು ನನ್ನ ಕೈಗೇ ಕೊಟ್ಟಳು.

ಈ ಯುಗಾದಿಯ ಮರುದಿನ ಅಜ್ಜಿ, ಮೊಮ್ಮಗಳು ಹೊಸ ಸೀರೆಯುಟ್ಟು ಚಾವಡಿಯ ಒಳಗೆ, ಹೆಂಗಸರ ಸಾಲಿನಲ್ಲಿ ಕುಳಿತರು. ಯಾರೂ ಬೇಡವೆನ್ನಲಿಲ್ಲ. ಗವಿಸಿದ್ದೇಶ್ ಓದುತ್ತ ಆ ಪದ್ಯಕ್ಕೆ ಬಂದ:

'ದುರುಳ ಮೈಲನು ಕೋಟೆ ತೆರೆದನು.'

ಮೂರು, ನಾಲ್ಕು, ಮೂರು, ನಾಲ್ಕು. ಎರಡನೆಯ ಅಕ್ಷರ ರಕಾರ. ಒಂದೂ ಕೊರತೆಯಿಲ್ಲ.

"ಹೆಂಗೈತ್ರಿ ಮೇಷ್ಟ್ರ? ನೀವು ಕಲಿಸಿದ್ದ," ಎಂದು ಅವನು ನಕ್ಕ.

ಎಲ್ಲರೂ ನನ್ನ ಕಡೆ ತಿರುಗಿದರು. ಕರಿಯನ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. ಛಂದಸ್ಸು ಸರಿಯಾಗಿದೆ ಎಂದೆ.

"ಏಳವ್ವ ರೇಣುಕಾ, ಬಾಗ್ಲು ಮುಚ್ಚು," ಎಂದರು ಗೌಡರು.

ಹುಡುಗಿ ಅಜ್ಜಿಯ ಮುಖ ನೋಡಿ ಎದ್ದುಹೋದಳು. ಬಾಗಿಲು ಕಿರ್ರೆಂದಿತು.

"ಬಾಗ್ಲ ರೇಣಿ, ಚಿಲಕ!" ಎಂದು ಯಾವನೋ ಕೂಗಿದ.

ಮರುದಿನ ಬೆಳಿಗ್ಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಶುರುವಾಗಿ, ತುಸು ಹೊತ್ತಿಗೆ ನಿಂತಿತು.

"ಮೇಷ್ಟ್ರ," ಎಂದಳು ಜಂಬಮ್ಮ, "ಈಗ ಅಲ್ಲಿ ಕೈ ತಪ್ಪೋದಿಲ್ರಿ."