ಪ್ಲಗ್ಗಿನ ಬಣ್ಣ ಓದುವ ಪ್ಲಗ್ಗಮ್ಮ

ಬೆಳಗಿನ ಆರು ಗಂಟೆ. ಶಟರ್ ಅರ್ಧ ಮಾತ್ರ ಎತ್ತಿದೆ. ಹಾಲು ಹಾಕುವವರು ಹಳೆಯ ಬೈಕನ್ನು ತಳ್ಳಿಕೊಂಡು, ತಲೆ ಬಗ್ಗಿಸಿ ಗ್ಯಾರೇಜಿನೊಳಗೆ ಬರುತ್ತಾರೆ. ಸ್ಟೂಲಿನ ಮೇಲೆ ಕೂತ ಹೆಂಗಸು ಎದ್ದೇಳುವ ಮೊದಲೇ ಕೇಳುತ್ತಾರೆ.

“ಓಡಿಸ್ಕೊಂಡು ಬಂದ್ರೋ, ತಳ್ಕೊಂಡು ಬಂದ್ರೋ?”

“ಕಣ್ಣೆದುರಿಗೇ ತಳ್ತಾ ಇದೀನಲ್ಲಮ್ಮ!”

“ಬಾಗಿಲ ಹತ್ರ ಎಲ್ರೂ ತಳ್ತಾರೆ. ಗೋದಾಮಿನ ಹತ್ರದಿಂದ ತಳ್ಕೊಂಡು ಬಂದ್ರಾ ಅಂತ ನಾನು ಕೇಳಿದ್ದು.”

“ಅಲ್ಲಿಂದಾನೇ ತಾಯಿ. ಬೆವರು ನೋಡಿ. ಹಾಲಿಗೆ ನೀರು ಬೆರೆಸ್ತೀನಿ ಅಂತಾರಲ್ಲ, ಇವತ್ತಿಗೆ ಇದೇ ಸಾಕು.”

ಆಕೆ ನಗುವುದಿಲ್ಲ. ಬಟ್ಟೆ ಸುತ್ತಿದ ಕೈಯಲ್ಲಿ ಬಿಸಿ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬಾಗಿಲಿಗೆ ಬರುತ್ತಾರೆ. ಬಲ್ಬಿನ ಬೆಳಕು ಅವರಿಗಾಗದು, ಅದು ಎಲ್ಲ ಬಣ್ಣಕ್ಕೂ ಅರಿಶಿನ ಹಚ್ಚುತ್ತದಂತೆ. ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಪ್ಲಗ್ಗಿನ ತುದಿಯ ಪಿಂಗಾಣಿಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಬುಡದಲ್ಲಿ ಮಸಿ. “ಪೆಟ್ರೋಲ್ ಜಾಸ್ತಿ ಕುಡೀತಿದೆ. ನಿಮ್ಮ ಹಸು ಥರ ಅಲ್ಲ ಇದು, ಜಾಸ್ತಿ ತಿಂದ್ರೆ ಜಾಸ್ತಿ ಕೊಡಲ್ಲ,” ಎನ್ನುತ್ತಾ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಅಳೆದು ಬಿಡುವ ಒಳಗಿನ ಸೂಜಿಯನ್ನು ಒಂದು ಗೀರು ಕೆಳಗಿಳಿಸುತ್ತಾರೆ; ಸೂಜಿ ಇಳಿದಷ್ಟೂ ಪೆಟ್ರೋಲ್ ಕಡಿಮೆ. ಒಂದು ಗೀರೆಂದರೆ ಅಕ್ಕಿಕಾಳಿನಷ್ಟೂ ಇಲ್ಲ.

ಎಲ್ಲರೂ ಇವರನ್ನು ಕರೆಯುವುದು ಪ್ಲಗ್ಗಮ್ಮ ಎಂದೇ. ವಯಸ್ಸು ನಲವತ್ತಾರು. ಓದುವುದು ಹೇಗೆಂದು ಕೇಳಿದರೆ ಅಡುಗೆ ಕಲಿಸುವವರಂತೆ ಹೇಳುತ್ತಾರೆ: “ಕಪ್ಪಾಗಿದ್ರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಥರ ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಎಂಜಿನ್ ಒಳಗೊಳಗೇ ಬೇಯ್ತಿದೆ. ಬಿಸ್ಕತ್ತಿನ ಬಣ್ಣ ಬಂದ್ರೆ ಕೈ ತೊಳ್ಕೊಂಡು ಎದ್ದೇಳಿ.”

ಆದರೆ ಆ ಬಣ್ಣ ನಿಜ ಹೇಳಬೇಕಾದರೆ ಒಂದು ನಿಯಮವಿದೆ. ಗೋದಾಮಿನ ಹಿಂದಿನ ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಓಡಿಸಬೇಕು. ಅದೇ ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ಆರಿಸಿಬಿಡಬೇಕು. ಆಮೇಲೆ ತಳ್ಳಿಕೊಂಡೇ ಬರಬೇಕು. ಸೋಮಾರಿತನ ಮಾಡಿ ಮತ್ತೆ ಸ್ಟಾರ್ಟ್ ಮಾಡಿಕೊಂಡು ನಿಧಾನಕ್ಕೆ ಬಂದರೆ, ಆ ನಿಧಾನದ ಮಸಿ ನಿಜವಾದ ಬಣ್ಣದ ಮೇಲೆ ಕೂತುಬಿಡುತ್ತದೆ.

ಗ್ಯಾರೇಜು ಅಪ್ಪನದು. ಮಕ್ಕಳಿಬ್ಬರೂ ಹೆಣ್ಣು. ಮೂರು ವರ್ಷ ದೊಡ್ಡವಳಾದ ಅಕ್ಕ ಗಾಡಿ ಓಡಿಸುತ್ತಿದ್ದಳು, ತಂಗಿ ಪ್ಲಗ್ ಓದುತ್ತಿದ್ದಳು. “ದೊಡ್ಡೋಳಿಗೆ ಕೈ ಕೊಟ್ಟ, ಚಿಕ್ಕೋಳಿಗೆ ಕಣ್ಣು ಕೊಟ್ಟ, ನನಗೆ ಬರೀ ತಲೆನೋವು ಕೊಟ್ಟ ದೇವ್ರು ಅಂತಿದ್ರು ನಮ್ಮಪ್ಪ,” ಎಂದು ಪ್ಲಗ್ಗಮ್ಮ ನೆನೆಯುತ್ತಾರೆ. ಅಪ್ಪ ಹೋದ ಮೇಲೂ ಇಬ್ಬರೇ ನಡೆಸಿದರು. ಆಗ ದಿನಕ್ಕೆ ಮೂವತ್ತು ಗಾಡಿ. “ಅವಳು ಎಂಜಿನ್ ಆರ್ಸಿದ್ದು ಇಲ್ಲಿಗೇ ಕೇಳಿಸೋದು. ಕತ್ತರೀಲಿ ದಾರ ಕತ್ತರಿಸ್ದಂಗೆ.” ಈಗ ದಿನಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು. ಹೊಸ ಬೈಕುಗಳಲ್ಲಿ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ.

ಹನ್ನೊಂದು ವರ್ಷದ ಹಿಂದೆ, ಮಳೆ ಹಿಡಿದ ಒಂದು ಸಂಜೆ, ಅಕ್ಕ ಗಾಡಿಯನ್ನು ತಳ್ಳಲಿಲ್ಲ. ಗೋದಾಮಿನಿಂದ ಸ್ಟಾರ್ಟ್ ಮಾಡಿಕೊಂಡೇ ಬಂದಳು. ಮಳೆಯ ಸದ್ದಿನಲ್ಲಿ ತಂಗಿಗೆ ಕೇಳಿಸಲಿಲ್ಲ. ಪ್ಲಗ್ ಬಿಚ್ಚಿದಾಗ ಕಪ್ಪಾಗಿತ್ತು. ಸೂಜಿ ಎರಡು ಗೀರು ಕೆಳಗಿಳಿಯಿತು. ಮರುದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ, ಪೂರ್ತಿ ವೇಗದಲ್ಲಿ, ಪೆಟ್ರೋಲ್ ಸಾಲದೆ ಬೆಂದ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ನಿಂತುಬಿಟ್ಟಿತು. ಅಕ್ಕನ ಬಲಗೈ ಮಣಿಕಟ್ಟು ಮೂರು ಕಡೆ ಮುರಿಯಿತು.

“ಒಂದೇ ಒಂದು ಮಾತು ಕೇಳ್ಬೇಕಿತ್ತು ನಾನು. ಓಡಿಸ್ಕೊಂಡು ಬಂದ್ಯಾ ಅಂತ. ಕೇಳ್ಲಿಲ್ಲ. ಆಸ್ಪತ್ರೇಲಿ ಅವಳ ಮಂಚದ ಪಕ್ಕ ನಿಂತ್ಕೊಂಡು, ನಾಲ್ಕು ಹೆಜ್ಜೆ ತಳ್ಳೋಕೆ ನಿನಗೇನಾಗಿತ್ತು ಧಾಡಿ ಅಂತ ಕೂಗಾಡ್ದೆ. ಮಾತು ಆಡಿದ್ರೆ ಹೋಯ್ತು ಅಂತಾರಲ್ಲ. ಹೋಗೇಬಿಟ್ಳು.”

ದೂರವೇನೂ ಹೋಗಿಲ್ಲ. ನಾಲ್ಕು ಬೀದಿ ಆಚೆ ಅಕ್ಕನ ಜೆರಾಕ್ಸ್ ಅಂಗಡಿ ಇದೆ. ಬೈಕ್ ಕೆಟ್ಟು ನಿಂತವರನ್ನು ಆಕೆ ಇಲ್ಲಿಗೇ ಕಳಿಸುತ್ತಾಳೆ. ತಾನು ಮಾತ್ರ ಬಂದಿಲ್ಲ. ತಂಗಿಯೂ ಹೋಗಿಲ್ಲ. “ನನಗೊಂದು ಜೆರಾಕ್ಸ್ ಬೇಕಾದ್ರೆ ಬಸ್ ಹತ್ತಿ ಹೋಗ್ತೀನಿ,” ಎನ್ನುತ್ತಾರೆ ಪ್ಲಗ್ಗಮ್ಮ. ಇದಕ್ಕೆ ಅವರೇ ನಗುತ್ತಾರೆ, ಸ್ವಲ್ಪ ಹೊತ್ತು. “ಎರಡು ಸಲ ಅವಳ ಬೀದಿ ತಿರುವಿನ ತನಕ ಹೋಗಿದ್ದೆ. ಕಾಲು ಬರಲ್ಲ. ಅವಳೇ ಬಂದು ನಾಲ್ಕು ಬೈದ್ರೆ ಎಷ್ಟೋ ವಾಸಿ.”

ಹತ್ತೂವರೆಗೆ ಪೋಸ್ಟ್‌ಮ್ಯಾನ್ ಬರುತ್ತಾರೆ. ಇವತ್ತು ಕಾಗದವಿಲ್ಲ. ಶಾಯಿ ಹರಡಿ ಹಾಳಾದ ಒಂದು ಜೆರಾಕ್ಸ್ ಹಾಳೆಯಲ್ಲಿ ಏನನ್ನೋ ಸುತ್ತಿ ತಂದಿದ್ದಾರೆ.

“ನಿಮ್ಮಕ್ಕ ಕೊಟ್ರು. ಪ್ಲಗ್ ನೋಡ್ಬೇಕಂತೆ.”

“ಇನ್ನೇನಂದ್ಲು?”

“ಇನ್ನೇನೂ ಇಲ್ಲ. ಅಕ್ಕ ತಂಗಿ ಮಧ್ಯೆ ಸ್ಟಾಂಪಿಲ್ಲದ ಟಪಾಲು, ನನ್ನ ಹಣೆಬರಹ. ಗಾಡಿ ಹಳೇದೊಂದು ತಗೊಂಡಿದಾರೆ. ಬೆಳಿಗ್ಗೆ ಕೆರೆ ಕಡೆ ರೋಡಲ್ಲಿ ತಳ್ಕೊಂಡು ಬರ್ತಿದ್ರು. ಕೆಟ್ಟು ನಿಂತಿತ್ತೇನೋ.”

ಪ್ಲಗ್ಗಮ್ಮ ಹಾಳೆ ಬಿಚ್ಚಿ ಪ್ಲಗ್ಗನ್ನು ಕೈಗೆತ್ತಿಕೊಳ್ಳುತ್ತಾರೆ. ಬಾಗಿಲಿಗೆ ಹೋಗುತ್ತಾರೆ. ಹಾಲಿನವರ ಪ್ಲಗ್ಗಿಗೆ ಒಂದು ನಿಮಿಷ ಸಾಕಾಗಿತ್ತು. ಇದನ್ನು ತಿರುಗಿಸುತ್ತಲೇ ಇದ್ದಾರೆ. ನಿಧಾನದ ಮಸಿ ಒಂದು ಚೂರೂ ಇಲ್ಲ. ಬಣ್ಣ ಬುಡದ ತನಕ ಒಂದೇ ಗೆರೆಯಲ್ಲಿ ಇಳಿದಿದೆ.

“ಆಕ್ಸಿಲರೇಟರ್ ಪೂರ್ತಿ ತಿರುಗ್ಸಿದಾಳೆ,” ಎಂದು ಮೆಲ್ಲಗೆ ಹೇಳುತ್ತಾರೆ, ಪೋಸ್ಟ್‌ಮ್ಯಾನ್‌ಗೆ ಕೇಳಿಸದಂತೆ. “ಆ ಕೈಯಲ್ಲಿ. ಪೂರ್ತಿ ತಿರುಗ್ಸಿ, ಕರೆಕ್ಟಾಗಿ ಆರ್ಸಿದಾಳೆ. ಬಣ್ಣ ಒಂಚೂರು ಬೆಳ್ಳಗಿದೆ. ಸೂಜಿ ಒಂದು ಗೀರು ಮೇಲೆತ್ತಿದ್ರೆ ಸರಿಹೋಗುತ್ತೆ. ಅವಳಿಗೂ ಗೊತ್ತು ಅದು. ಗೊತ್ತಿಲ್ದೇ ಇರುತ್ತಾ?”

ಪ್ಲಗ್ಗನ್ನು ಹಾಳೆಯಲ್ಲಿ ಮತ್ತೆ ಸುತ್ತುತ್ತಾರೆ. ಪೋಸ್ಟ್‌ಮ್ಯಾನ್ ಕೈ ಚಾಚಿ ನಿಂತಿದ್ದಾರೆ. ಪ್ಲಗ್ಗಮ್ಮ ಅದನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ.

“ಏನಂತ ಹೇಳ್ಲಿ?”

“ನೋಡಿದ್ರೆ ಏನೂ ಗೊತ್ತಾಗ್ತಿಲ್ಲ ಅಂತ ಹೇಳಿ. ಗಾಡೀನೇ ತರ್ಬೇಕು ಅನ್ನಿ.”

“ನಿಮಗೆ ಗೊತ್ತಾಗ್ಲಿಲ್ವಾ? ಪ್ಲಗ್ಗಮ್ಮನಿಗೆ?”

“ಗೊತ್ತಾಗ್ಲಿಲ್ಲಪ್ಪ. ವಯಸ್ಸಾಯ್ತು, ಕಣ್ಣು ಮಂಜು. ಹಾಗೇ ಹೇಳಿ ಅವಳಿಗೆ.”