ಬಾತ್‌ರೂಮಿನಲ್ಲಿ ಬೆಳೆದ ಅಣಬೆ

ಅಹಮದಾಬಾದಿನ ಒಣ ಗಾಳಿ ಅಣಬೆಗೆ ಒಗ್ಗುವುದಿಲ್ಲ. ಬೋಡಕ್‌ದೇವ್‌ನ ನಮ್ಮ ಫ್ಲಾಟಿನಲ್ಲಿ ಸದಾ ಒದ್ದೆಯಾಗಿರುವ ಜಾಗ ಅಪ್ಪನ ಬಾತ್‌ರೂಮು. ಎಂಎಸ್ಸಿ ಪ್ರಾಜೆಕ್ಟಿಗೆ ಅದನ್ನೇ ವಶಪಡಿಸಿಕೊಂಡೆ. ಹಗ್ಗಕ್ಕೆ ಹತ್ತು ಚೀಲ ತೂಗುಹಾಕಿದೆ. ಐದರಲ್ಲಿ ಮಾವಿನ ಮರದ ಗರಗಸದ ಹೊಟ್ಟು, ಐದರಲ್ಲಿ ನೀಲಗಿರಿಯದು, ಎಲ್ಲದರಲ್ಲೂ ಚಿಪ್ಪು ಅಣಬೆಯ ಬೀಜ. ಅಪ್ಪ ನನ್ನ ಬಾತ್‌ರೂಮಿಗೆ ವರ್ಗವಾದರು. ಕೇಂದ್ರ ಸರ್ಕಾರದ ನೌಕರರು, ವರ್ಗಾವಣೆಗೆ ಆಕ್ಷೇಪ ಎತ್ತಲಿಲ್ಲ.

ಯಾವ ಹೊಟ್ಟಿನಲ್ಲಿ ಬೆಳೆದ ಅಣಬೆಗೆ ಆಂಟಿಆಕ್ಸಿಡೆಂಟ್ ಗುಣ ಹೆಚ್ಚು ಎಂಬುದು ನನ್ನ ಪ್ರಶ್ನೆ. ಒಣಗಿಸಿದ ಅಣಬೆಯ ಸಾರವನ್ನು ಒಂದು ನೇರಳೆ ದ್ರಾವಣಕ್ಕೆ ಬೆರೆಸಬೇಕು. ಬಣ್ಣ ಎಷ್ಟು ಮಾಸುತ್ತದೋ ಗುಣ ಅಷ್ಟು.

ನೀಲಗಿರಿ ಚೀಲಗಳ ಬೆಳೆ ಶುಕ್ರವಾರ ಬಂತು. ಕೊಯ್ದು ನೇರ ನವರಂಗಪುರದ ಕಾಲೇಜಿಗೆ ಒಯ್ದೆ. ಮಾವಿನದು ಬಂದದ್ದು ಭಾನುವಾರ. ಲ್ಯಾಬ್ ಮುಚ್ಚಿತ್ತು. ಕೊಯ್ದ ಅಣಬೆಯನ್ನು ಫ್ರಿಜ್ಜಿನಲ್ಲಿಡು ಎಂದು ಅಮ್ಮನಿಗೆ ಹೇಳಿ ಗೆಳತಿಯ ಮನೆಗೆ ಹೋದೆ.

ಪರೀಕ್ಷೆಯಲ್ಲಿ ನೀಲಗಿರಿ ಅಣಬೆಯ ಸಾರಕ್ಕೆ ನೇರಳೆ ಬಣ್ಣ ಸ್ವಲ್ಪ ತೆಳುವಾಯಿತು. ಮಾವಿನದಕ್ಕೆ ನೋಡನೋಡುತ್ತಲೇ ಹೊರಟೇಹೋಯಿತು. ಗೈಡ್ ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕಾಲೇಜಿನ ಪೋಸ್ಟರ್ ಪ್ರದರ್ಶನದಲ್ಲಿ ನನ್ನದನ್ನು ಬಾಗಿಲ ಎದುರಿಗೇ ಹಾಕಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಅವರು ನನ್ನ ಕೈಬರಹವನ್ನು ಮಾತ್ರ ಹೊಗಳಿದ್ದರು.

ಊಟಕ್ಕೆ ಕೂತಾಗ ಮನೆಯಲ್ಲಿ ಇದನ್ನೆಲ್ಲ ವಿವರಿಸಿದೆ. ಅಮ್ಮ ಸಾರು ಬಡಿಸುತ್ತ, ತೊಳೆದಿಟ್ಟದ್ದು ಒಳ್ಳೆಯದೇ ಆಯಿತು ಅಂದಳು.

"ಯಾವುದರಲ್ಲಿ ತೊಳೆದೆ?"

"ಯಾವುದರಲ್ಲಿ ಅಂದ್ರೆ? ಎಲ್ಲಾ ತರಕಾರಿ ತೊಳೆಯೋ ಹಾಗೇ. ಅರಿಶಿನದ ನೀರಲ್ಲಿ ಅರ್ಧ ಗಂಟೆ ನೆನೆಸಿಡ್ತೀನಲ್ಲ. ಬಾತ್‌ರೂಮಲ್ಲಿ ಬೆಳೆದದ್ದು ಕಣೇ, ಇದನ್ನ ಒಂದು ಗಂಟೆ ಇಟ್ಟೆ."

ಕೊರೋನಾ ಬಂದಾಗಿನಿಂದ ನಮ್ಮ ಫ್ರಿಜ್ಜಿಗೆ ಅರಿಶಿನದ ಸ್ನಾನವಾಗದೆ ಏನೂ ಪ್ರವೇಶಿಸಿಲ್ಲ. ಅರಿಶಿನದ ಆಂಟಿಆಕ್ಸಿಡೆಂಟ್ ಗುಣದ ಮುಂದೆ ಅಣಬೆಯದು ಲೆಕ್ಕಕ್ಕಿಲ್ಲ. ಒಣಗಿದ ಅಣಬೆ ಹಳದಿಯಾಗಿದ್ದನ್ನು ನಾನೂ ನೋಡಿದ್ದೆ. ಒಣಗಿದರೆ ಬಣ್ಣ ತಿರುಗುವುದು ಸಹಜ ಎಂದು ಬರೆದುಕೊಂಡಿದ್ದೆ.

"ಯಾರಿಗೂ ಗೊತ್ತಾಗಲ್ಲ ಬಿಡು" ಅಂದಳು ಅಮ್ಮ. ಅಪ್ಪ ಮಜ್ಜಿಗೆ ಕೇಳಿದರು.

ಮರುದಿನ ಮೇಡಂಗೆ ಹೇಳಿದೆ. ಅವರು ಚೀಲಗಳು ಇನ್ನೂ ಇವೆಯೇ ಎಂದು ಕೇಳಿದರು. ಇದ್ದವು. ಒದ್ದೆಯಾಗಿಟ್ಟರೆ ಅದೇ ಹೊಟ್ಟಿನಿಂದ ಎರಡನೇ ಬೆಳೆ ಬರುತ್ತದೆ. ಅಪ್ಪನ ವರ್ಗಾವಣೆಯ ಅವಧಿ ವಿಸ್ತರಣೆಯಾಯಿತು.

ಎರಡನೇ ಬೆಳೆಗೆ ಅಡುಗೆಮನೆ ತೋರಿಸಲಿಲ್ಲ. ಎರಡೂ ಸಾರಗಳಿಗೆ ನೇರಳೆ ಬಣ್ಣ ಹೆಚ್ಚುಕಡಿಮೆ ಒಂದೇ ಹದಕ್ಕೆ ಮಾಸಿತು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಪೋಸ್ಟರಿನಲ್ಲಿ ಬರೆದೆ. ಅದಕ್ಕೆ ಸಿಕ್ಕ ಜಾಗ ನೀರಿನ ಕೂಲರ್ ಪಕ್ಕದ ಗೋಡೆ.

ನೀರು ಕುಡಿಯಲು ಬಂದ ಒಬ್ಬರು ಲೋಟ ಹಿಡಿದುಕೊಂಡೇ ಪೂರ್ತಿ ಓದಿದರು. ಸೂರತ್ತಿನಲ್ಲಿ ಅಣಬೆ ಬೆಳೆಯುತ್ತಾರಂತೆ. ಮಾವಿನ ಹೊಟ್ಟಿಗಾಗಿ ದೂರದವರೆಗೆ ಟೆಂಪೋ ಕಳಿಸುತ್ತಾರಂತೆ, ನೀಲಗಿರಿಯದು ಅವರ ಬೀದಿಯಲ್ಲೇ ಸಿಗುತ್ತದಂತೆ.

"ಹಾಗಾದ್ರೆ ಯಾವುದು ತಗೊಳ್ಳಲಿ?" ಹಿಂದಿಯಲ್ಲಿ ಕೇಳಿದರು.

"ಬೀದಿಯದನ್ನೇ ತಗೊಳ್ಳಿ" ಅಂದೆ.